ವೀಸಾ ಬೇರೆ, ವಾಸದ ಹಕ್ಕು ಬೇರೆ, ಪೌರತ್ವ ಬೇರೆ
ಹೊರದೇಶದ ಕನಸಿಗೆ ಸಾಲ ತೆಗೆಯುವ ಮೊದಲು ನಾವು ತಿಳಿಯಬೇಕಾದ ಸಂಗತಿಗಳು

(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಸಂಸ್ಥೆಯ ಕಾರ್ಯಕರ್ತರು ನೀಡಿದ ಮಾಹಿತಿ ಉಪನ್ಯಾಸದ ಬರಹ ರೂಪ)



ನಮ್ಮ ಸಂಘಗಳ ನಿರ್ಣಯ ಪುಸ್ತಕ ತೆರೆದು ನೋಡಿದರೆ ಸಾಲದ ಕಾರಣಗಳು ಸಾಲಾಗಿ ಕಾಣ್ತವೆ. ದನ ತೆಗೆಯಲು, ಮನೆ ರಿಪೇರಿಗೆ, ಮಲ್ಲಿಗೆ ಗಿಡಕ್ಕೆ, ಶಾಲೆ ಫೀಸಿಗೆ. ಇವುಗಳ ನಡುವೆ ಇನ್ನೊಂದು ಕಾರಣವೂ ಉಂಟು: ಮಗನನ್ನು ಅಥವಾ ಮಗಳನ್ನು ಹೊರದೇಶಕ್ಕೆ ಕಳಿಸ್ಲಿಕ್ಕೆ. ಇದರಲ್ಲಿ ತಪ್ಪೇನೂ ಇಲ್ಲ. ನಮ್ಮ ಕರಾವಳಿಯ ಎಷ್ಟೋ ಮನೆಗಳ ಹಂಚು ಹೋಗಿ ತಾರಸಿ ಬಂದದ್ದು ಗಲ್ಫಿನ ದುಡಿಮೆಯಿಂದಲೇ. ಆದರೆ "ಅಲ್ಲಿ ಎಷ್ಟು ವರ್ಷ ಇರ್ಲಿಕ್ಕೆ ಆಗ್ತದೆ? ಕೆಲಸ ಹೋದರೆ ಏನಾಗ್ತದೆ?" ಎಂದು ನಾವು ಕೇಳಿದಾಗ ಬರುವ ಉತ್ತರ ಒಂದೇ: "ಪಿ.ಆರ್. ಸಿಗ್ತದಂತೆ, ಏಜೆಂಟ್ ಹೇಳಿದ್ದಾರೆ." ಆ ಒಂದು "ಅಂತೆ"ಯ ಮೇಲೆ ಅಮ್ಮನ ಕರಿಮಣಿ, ಅಪ್ಪನ ಜಾಗ, ಸಂಘದ ಹತ್ತು ಜನರ ಉಳಿತಾಯ ನಿಂತಿರ್ತದೆ. ಆದ್ದರಿಂದ ಈ ಹೊತ್ತು ನಾವು ಆ "ಅಂತೆ"ಯನ್ನು ಬಿಡಿಸಿ ನೋಡೋಣ.

ಗೇಣಿಯ ಲೆಕ್ಕದಲ್ಲಿ ಅರ್ಥ ಮಾಡಿಕೊಳ್ಳೋಣ

ನಮ್ಮಲ್ಲಿ ಹಿರಿಯರಿಗೆ ಚಾಲಗೇಣಿ, ಮೂಲಗೇಣಿ ಎಂಬ ಮಾತು ನೆನಪಿರಬಹುದು. ಚಾಲಗೇಣಿಯವನನ್ನು ಧಣಿ ಏಳು ಅಂದರೆ ಏಳಬೇಕು. ಮೂಲಗೇಣಿಯವನು ಕರಾರಿನಂತೆ ನಡೆದುಕೊಳ್ಳುವವರೆಗೆ ತಲೆಮಾರಿನಿಂದ ತಲೆಮಾರಿಗೆ ಕೂತಿರಬಹುದು, ಆದರೆ ಒಡೆಯನಲ್ಲ. 1974ರಲ್ಲಿ ಭೂಸುಧಾರಣೆ ಕಾನೂನಿನ ತಿದ್ದುಪಡಿ ಜಾರಿಗೆ ಬಂದ ಮೇಲೆ ಡಿಕ್ಲರೇಶನ್ ಕೊಟ್ಟವರು ಒಡೆಯರಾದರು.

ಹೊರದೇಶದ ಕಾನೂನೂ ಹೆಚ್ಚುಕಡಿಮೆ ಹೀಗೇ. ಕೆಲಸದ ವೀಸಾ, ಓದಿನ ವೀಸಾ ಎಂದರೆ ಚಾಲಗೇಣಿ: ಅವಧಿ ಉಂಟು, ಷರತ್ತು ಉಂಟು, ಷರತ್ತು ತಪ್ಪಿದರೆ ಹೊರಡಬೇಕು. ಪಿ.ಆರ್. ಅಂದರೆ ಕಾಯಂ ವಾಸದ ಹಕ್ಕು, ಇದು ಮೂಲಗೇಣಿ: ನಿಯಮ ಪಾಲಿಸಿದರೆ ಇರಬಹುದು, ದುಡಿಯಬಹುದು, ಆದರೆ ಓಟು ಇಲ್ಲ, ಆ ದೇಶದ ಪಾಸ್‌ಪೋರ್ಟ್ ಇಲ್ಲ. ಪೌರತ್ವ ಎಂದರೆ ಪಟ್ಟಾ ಆದ ಹಾಗೆ. ಒಂದರಿಂದ ಇನ್ನೊಂದಕ್ಕೆ ತನ್ನಿಂತಾನೇ ಏರ್ಲಿಕ್ಕೆ ಆಗುವುದಿಲ್ಲ. ಪ್ರತಿ ಮೆಟ್ಟಿಲಿಗೂ ಬೇರೆ ಅರ್ಜಿ, ಬೇರೆ ಪರೀಕ್ಷೆ. ಕೆಲವು ದೇಶಗಳಲ್ಲಿ ಮೇಲಿನ ಮೆಟ್ಟಿಲೇ ಇಲ್ಲ.

ಗಲ್ಫ್: ದುಡಿಯಬಹುದು, ನೆಲೆಯೂರ್ಲಿಕ್ಕೆ ಇಲ್ಲ

ಗಲ್ಫ್ ದೇಶಗಳಲ್ಲಿ ವಾಸದ ಪರವಾನಗಿ ಕೆಲಸಕ್ಕೆ ಅಂಟಿಕೊಂಡಿರ್ತದೆ. ಕಫಾಲ ಎಂದು ಕರೆಯುವ ಪದ್ಧತಿಯಲ್ಲಿ ಕೆಲಸಗಾರನ ಜವಾಬ್ದಾರಿ ಮಾಲೀಕನದ್ದು. ಕೆಲಸ ಬಿಟ್ಟರೆ ವೀಸಾ ರದ್ದು. ಕೆಲವು ಕಡೆ ಇದು ಸಡಿಲಾಗಿದೆ. 2020ರಲ್ಲಿ ಕತಾರ್ ದೇಶವು ಮಾಲೀಕನ ಅನುಮತಿ ಪತ್ರವಿಲ್ಲದೆ ಕೆಲಸ ಬದಲಿಸಲು ಅವಕಾಶ ಕೊಟ್ಟಿತು. ಯು.ಎ.ಇ. 2019ರಿಂದ ಗೋಲ್ಡನ್ ವೀಸಾ ಕೊಡಲು ಶುರುಮಾಡಿತು. ಆದರೆ ಗೋಲ್ಡನ್ ವೀಸಾ ಕೂಡ ದೀರ್ಘಾವಧಿಯ ವೀಸಾ ಮಾತ್ರ, ಪೌರತ್ವ ಅಲ್ಲ. ಅಲ್ಲಿ ಮೂವತ್ತು ವರ್ಷ ಬೆವರು ಸುರಿಸಿದವರೂ ಕೊನೆಗೆ ಊರಿಗೆ ಬರುವವರೇ. ಅಲ್ಲೇ ಹುಟ್ಟಿದ ನಮ್ಮ ಮಕ್ಕಳಿಗೂ ಅಲ್ಲಿನ ಪೌರತ್ವ ಇಲ್ಲ. ಹಾಗಾಗಿ ಗಲ್ಫಿಗೆ ಹೋಗುವವರು ಮೊದಲ ತಿಂಗಳಿನಿಂದಲೇ ಊರಿನ ಹೆಸರಿನಲ್ಲಿ ಉಳಿತಾಯ ಮಾಡಬೇಕು. "ಅಲ್ಲೇ ಸೆಟ್ಲ್ ಆಗ್ತಾನೆ" ಎಂಬ ಲೆಕ್ಕ ಹಾಕಿ ದೊಡ್ಡ ಸಾಲ ಎತ್ತಬಾರದು.

ಇಸ್ರೇಲಿಗೆ ವೃದ್ಧರ ಆರೈಕೆಗೆ ಹೋಗಿರುವ ಅಕ್ಕಂದಿರೂ ನಮ್ಮ ಕಡೆ ಇದ್ದಾರೆ. ಸಂಬಳ ಒಳ್ಳೆಯದು ಹೌದು. ಆದರೆ ಅಲ್ಲಿನ ಆರೈಕೆ ವೀಸಾದ ಸಾಮಾನ್ಯ ಮಿತಿ 63 ತಿಂಗಳು, ಅಂದರೆ ಐದು ವರ್ಷ ಮೂರು ತಿಂಗಳು. ನೋಡಿಕೊಳ್ಳುತ್ತಿರುವ ಅಜ್ಜ ಅಜ್ಜಿಗಾಗಿ ಅದನ್ನು ಮುಂದುವರಿಸುವ ಅವಕಾಶ ಉಂಟು. ಅದು ಕಾಯಂ ವಾಸದ ದಾರಿ ಅಲ್ಲ.

ಮಹಿಳೆಯರು ವಿಶೇಷವಾಗಿ ಗಮನಿಸಬೇಕಾದ್ದು

ನಮ್ಮ ದೇಶದಲ್ಲಿ 1983ರ ವಲಸೆ ಕಾನೂನು ಉಂಟು. ಸಾಮಾನ್ಯವಾಗಿ ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಇ.ಸಿ.ಆರ್. ಎಂದು ಅಚ್ಚಾಗಿರ್ತದೆ. ಇವರು ಗಲ್ಫಿನ ಆರು ದೇಶಗಳೂ ಸೇರಿದಂತೆ ಪಟ್ಟಿಯಲ್ಲಿರುವ ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ವಲಸೆ ರಕ್ಷಣಾಧಿಕಾರಿಯ ಅನುಮತಿ ಬೇಕು. ಇವರ ಕಚೇರಿ ಬೆಂಗಳೂರಿನಲ್ಲಿ ಉಂಟು. ಇ.ಸಿ.ಆರ್. ಪಾಸ್‌ಪೋರ್ಟಿನ ಮಹಿಳೆಗೆ ಕನಿಷ್ಠ 30 ವರ್ಷ ಆಗಿರಬೇಕು. ಖಾಸಗಿ ಏಜೆಂಟರ ಮೂಲಕ ಅಲ್ಲ, ಅನುಮತಿ ಪಡೆದ ಸರ್ಕಾರಿ ನೇಮಕಾತಿ ಸಂಸ್ಥೆಯ ಮೂಲಕ ಹೋಗಬೇಕೆಂದು 2016ರಲ್ಲಿ ನಿಯಮ ಬಂತು.

ಇದನ್ನು ತಪ್ಪಿಸ್ಲಿಕ್ಕೆ ಕೆಲವು ಏಜೆಂಟರು ಸುಲಭದ ದಾರಿ ತೋರಿಸ್ತಾರೆ: "ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಿಸಿ ಕೊಡ್ತೇವೆ." ಅಕ್ಕತಂಗಿಯರೇ, ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದು ಕಾನೂನಿಗೆ ವಿರುದ್ಧ. ಮನೆಯೊಳಗೆ ಏನು ನಡೆದರೂ ಹೊರಗೆ ದೂರು ಕೊಡ್ಲಿಕ್ಕೆ ಹೆದರಿಕೆ. ಸಂಬಳ ಕೊಡದಿದ್ದರೆ ತೋರಿಸ್ಲಿಕ್ಕೆ ಕರಾರು ಪತ್ರ ಇಲ್ಲ. ನಮ್ಮ ಸರ್ಕಾರದ ದಾಖಲೆಯಲ್ಲಿಯೂ ಅವಳು ಕೆಲಸಕ್ಕೆ ಹೋದವಳಲ್ಲ, ಸುತ್ತಾಡಲು ಹೋದವಳು.

ಇನ್ನು ಹಣದ ವಿಚಾರ. ನೋಂದಾಯಿತ ಏಜೆಂಟ್ ಕೆಲಸಗಾರರಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ, ಅದರ ಮೇಲೆ ಜಿ.ಎಸ್.ಟಿ. ಅದಕ್ಕೆ ರಶೀದಿ ಕೊಡಲೇಬೇಕು. ಏಜೆಂಟರಿಗೆ ಪರವಾನಗಿ ಉಂಟೋ ಇಲ್ಲವೋ ಎಂದು ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಹತ್ತು ನಿಮಿಷದ ಕೆಲಸ. ಇ.ಸಿ.ಆರ್.ನವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಕಟ್ಟಿದರೆ ಅಪಘಾತದಲ್ಲಿ ಮರಣ ಅಥವಾ ಶಾಶ್ವತ ಅಂಗವೈಕಲ್ಯ ಆದರೆ 10 ಲಕ್ಷ ರೂಪಾಯಿಯ ವಿಮೆ. ಸಂಕಟ ಬಂದಾಗ ಊರಿನವರು ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಸಂಖ್ಯೆ 1800 11 3090ಕ್ಕೆ ಫೋನ್ ಮಾಡಬಹುದು. ಪಾಸ್‌ಪೋರ್ಟ್ ಭಾರತ ಸರ್ಕಾರದ ಸೊತ್ತು, ಅದನ್ನು ಮಾಲೀಕ ಕಿತ್ತಿಟ್ಟುಕೊಳ್ಳುವುದು ಯು.ಎ.ಇ., ಸೌದಿ, ಕತಾರ್ ದೇಶಗಳ ಕಾನೂನಿನಲ್ಲಿಯೂ ತಪ್ಪು.

ಕೆನಡಾ: ದಾರಿ ಉಂಟು, ಆದರೆ ಏರು ದಾರಿ

ನಮ್ಮ ಮಕ್ಕಳು ಈಗ ಹೆಚ್ಚು ಹೇಳುವ ಹೆಸರು ಕೆನಡಾ. ಅಲ್ಲಿ ಪಿ.ಆರ್. ಮತ್ತು ಪೌರತ್ವಕ್ಕೆ ದಾರಿ ಇರುವುದು ನಿಜ. ಮೆಟ್ಟಿಲುಗಳನ್ನು ಮಾತ್ರ ಒಂದೊಂದಾಗಿ ಎಣಿಸಬೇಕು.

ಮೊದಲನೆಯದು ಓದಿನ ಪರವಾನಗಿ. ಅಲ್ಲಿನ ಸರ್ಕಾರ ಒಪ್ಪಿದ ಕಾಲೇಜಿನಲ್ಲೇ ಸೀಟು ಸಿಕ್ಕಿರಬೇಕು. 2024ರಲ್ಲಿ ಕೆನಡಾ ಈ ಪರವಾನಗಿಗಳ ಸಂಖ್ಯೆಗೆ ಮಿತಿ ಹಾಕಿತು. ಓದುವಾಗ ಕಾಲೇಜಿನ ಹೊರಗೆ ದುಡಿಯಲು 2024ರ ನವೆಂಬರಿನಲ್ಲಿ ನಿಗದಿಯಾದ ಮಿತಿ ವಾರಕ್ಕೆ 24 ಗಂಟೆ. "ಪಾರ್ಟ್ ಟೈಮ್ ಮಾಡಿಯೇ ಫೀಸು ಕಟ್ತಾನೆ" ಎಂಬ ಮಾತು ನಂಬುವ ಮೊದಲು ಆ 24 ಗಂಟೆಯ ಸಂಬಳದಲ್ಲಿ ಬಾಡಿಗೆ, ಊಟ ಕಳೆದು ಏನುಳಿಯುತ್ತದೆ ಎಂದು ಲೆಕ್ಕ ಹಾಕಿ.

ಎರಡನೆಯದು ಓದು ಮುಗಿದ ಮೇಲಿನ ಕೆಲಸದ ಪರವಾನಗಿ. ಇದು ಹೆಚ್ಚೆಂದರೆ ಮೂರು ವರ್ಷ. ಎಲ್ಲಾ ಕೋರ್ಸಿಗೂ ಸಿಗುವುದಿಲ್ಲ. 2024ರ ನವೆಂಬರಿನಿಂದ ಈ ನಿಯಮವೂ ಬಿಗಿಯಾಗಿದೆ. ಆದ್ದರಿಂದ ಫೀಸು ಕಟ್ಟುವ ಮೊದಲೇ ಕೇಳಬೇಕು: "ಈ ಕೋರ್ಸಿಗೆ ಆಮೇಲೆ ಕೆಲಸದ ಪರವಾನಗಿ ಉಂಟೋ?"

ಮೂರನೆಯದು ಪಿ.ಆರ್. ವಯಸ್ಸು, ಓದು, ಭಾಷೆ, ಕೆಲಸದ ಅನುಭವ ನೋಡಿ ಅಂಕ ಕೊಡ್ತಾರೆ. ಅಂಕ ಸಾಕಷ್ಟು ಬಂದರೆ ಕರೆ ಬರ್ತದೆ, ಇಲ್ಲದಿದ್ದರೆ ಇಲ್ಲ. "ಗ್ಯಾರಂಟಿ" ಎಂದು ಯಾರೂ ಹೇಳ್ಲಿಕ್ಕೆ ಆಗುವುದಿಲ್ಲ. ಹೇಳಿದರೆ ಅದೇ ಮೋಸದ ಮೊದಲ ಗುರುತು. ಪಿ.ಆರ್. ಸಿಕ್ಕಿದ ಮೇಲೂ ಪ್ರತಿ ಐದು ವರ್ಷದಲ್ಲಿ ಕನಿಷ್ಠ 730 ದಿನ ಅಲ್ಲಿ ವಾಸವಿರಬೇಕು.

ನಾಲ್ಕನೆಯದು ಪೌರತ್ವ. ಅರ್ಜಿ ಹಾಕುವ ಹಿಂದಿನ ಐದು ವರ್ಷದಲ್ಲಿ 1,095 ದಿನ ಅಲ್ಲಿ ಇದ್ದಿರಬೇಕು. 18ರಿಂದ 54 ವರ್ಷದವರು ಭಾಷೆಯ ಜ್ಞಾನ ತೋರಿಸಬೇಕು, ದೇಶದ ಬಗ್ಗೆ ಪರೀಕ್ಷೆ ಬರೆಯಬೇಕು, ಆಮೇಲೆ ಪ್ರಮಾಣ ವಚನ.

2023ರಲ್ಲಿ ಒಂದು ದೊಡ್ಡ ಸುದ್ದಿ ಬಂದಿತ್ತು. ಪಂಜಾಬಿನ ಕಡೆಯ ಹಲವು ವಿದ್ಯಾರ್ಥಿಗಳು ಕೆನಡಾದಲ್ಲಿ ಓದಿ, ದುಡಿದು, ಪಿ.ಆರ್.ಗೆ ಅರ್ಜಿ ಹಾಕಿದಾಗ ಏಜೆಂಟ್ ಕೊಟ್ಟ ಕಾಲೇಜಿನ ಪ್ರವೇಶ ಪತ್ರವೇ ನಕಲಿ ಎಂದು ಗೊತ್ತಾಯಿತು. ದೇಶದಿಂದ ಹೊರಗೆ ಕಳಿಸುವ ನೋಟಿಸು ಬಂತು. ವರ್ಷಗಳ ದುಡಿಮೆ ಒಂದು ಕಾಗದದ ಮೇಲೆ ತೂಗಿತು. ಆದ್ದರಿಂದ ಪ್ರವೇಶ ಪತ್ರ ಬಂದಾಗ ಏಜೆಂಟರನ್ನಲ್ಲ, ನೇರ ಆ ಕಾಲೇಜಿಗೇ ಇ-ಮೇಲ್ ಬರೆದು ಕೇಳಬೇಕು.

ಮದುವೆಯಾಗಿ ಹೋಗುವ ಹೆಣ್ಣುಮಕ್ಕಳು, ಬಾಣಂತನಕ್ಕೆ ಹೋಗುವ ಅಮ್ಮಂದಿರು

"ಹುಡುಗ ಕೆನಡಾದಲ್ಲಿದ್ದಾನೆ" ಅಂದ ಕೂಡಲೇ ಮನೆಯವರಿಗೆ ಸಂತೋಷ. ಒಂದು ಪ್ರಶ್ನೆ ಕೇಳಲು ನಾಚಿಕೆ ಬೇಡ: "ಯಾವ ವೀಸಾದಲ್ಲಿ?" ಓದಿನ ವೀಸಾವೋ, ಕೆಲಸದ್ದೋ, ಪಿ.ಆರ್. ಆಗಿದೆಯೋ, ಪೌರನೋ? ಪಿ.ಆರ್. ಅಥವಾ ಪೌರತ್ವ ಇದ್ದರೆ ಹೆಂಡತಿಯನ್ನು ಪ್ರಾಯೋಜಿಸಿ ಪಿ.ಆರ್. ಕೊಡಿಸಬಹುದು. ವಿದ್ಯಾರ್ಥಿಯಾಗಿದ್ದರೆ ಹೆಂಡತಿಗೆ ಕೆಲಸದ ಪರವಾನಗಿ ಸಿಗುವುದು ಈಗ ಕಷ್ಟ.

ಇನ್ನೊಂದು ಮಾತು ಪ್ರತಿ ಹೆಣ್ಣುಮಗಳಿಗೂ ಗೊತ್ತಿರಬೇಕು. "ನಾನು ಹೇಳಿದ ಹಾಗೆ ಕೇಳದಿದ್ದರೆ ನಿನ್ನ ಪಿ.ಆರ್. ತೆಗೆಸಿ ಊರಿಗೆ ಕಳಿಸ್ತೇನೆ" ಎಂದು ಗಂಡ ಹೆದರಿಸಿದರೆ ಅದು ಸುಳ್ಳು. ಪ್ರಾಯೋಜಿತ ಹೆಂಡತಿ ಎರಡು ವರ್ಷ ಗಂಡನ ಜೊತೆಯಲ್ಲೇ ಇರಬೇಕೆಂಬ ಷರತ್ತನ್ನು ಕೆನಡಾ 2017ರಲ್ಲೇ ತೆಗೆದುಹಾಕಿದೆ. ಸರಿಯಾಗಿ ಸಿಕ್ಕಿದ ಪಿ.ಆರ್. ಅವಳದ್ದೇ. ಪಿ.ಆರ್. ಆಗುವ ಮೊದಲೇ ಹಿಂಸೆ ಅನುಭವಿಸುವವರಿಗೂ ವಿಶೇಷ ತಾತ್ಕಾಲಿಕ ಪರವಾನಗಿ ಕೇಳುವ ದಾರಿ ಉಂಟು. ಪಾಸ್‌ಪೋರ್ಟ್, ಮದುವೆ ಪ್ರಮಾಣ ಪತ್ರ, ಪಿ.ಆರ್. ಕಾಗದಗಳ ಪ್ರತಿ ತವರಿನಲ್ಲಿಯೂ ಒಂದು ಇರಲಿ.

ಮಗಳ ಬಾಣಂತನಕ್ಕೆ ಹೋಗುವ ಅಮ್ಮಂದಿರಿಗೆ ಸಾಮಾನ್ಯ ಸಂದರ್ಶಕ ವೀಸಾದಲ್ಲಿ ಹೆಚ್ಚಾಗಿ ಆರು ತಿಂಗಳು ಸಿಗ್ತದೆ. ಮಕ್ಕಳು ಪಿ.ಆರ್. ಅಥವಾ ಪೌರರಾಗಿದ್ದರೆ ಸೂಪರ್ ವೀಸಾ ಎಂಬುದು ಉಂಟು. 2022ರಿಂದ ಇದರಲ್ಲಿ ಒಮ್ಮೆ ಹೋದರೆ ಐದು ವರ್ಷದವರೆಗೆ ಇರಬಹುದು, ವೈದ್ಯಕೀಯ ವಿಮೆ ಮಾತ್ರ ಬೇಕೇ ಬೇಕು. ನಮ್ಮ ಮೊಮ್ಮಗುವನ್ನು ನೋಡಿಕೊಳ್ಳಬಹುದು, ಆದರೆ ಸಂಬಳಕ್ಕೆ ಪಕ್ಕದ ಮನೆಯ ಮಗುವನ್ನು ನೋಡ್ಲಿಕ್ಕೆ ಇಲ್ಲ.

ಅಲ್ಲಿ ಪೌರರಾದರೆ ಇಲ್ಲಿ ಏನಾಗ್ತದೆ?

ನಮ್ಮ ಸಂವಿಧಾನ ಎರಡು ಪೌರತ್ವ ಒಪ್ಪುವುದಿಲ್ಲ. ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ತೆಗೆದುಕೊಂಡ ದಿನವೇ ಭಾರತದ ಪೌರತ್ವ ಹೋಗ್ತದೆ. ಸಂವಿಧಾನದ 9ನೇ ವಿಧಿ, 1955ರ ಪೌರತ್ವ ಕಾನೂನು ಹೀಗೆ ಹೇಳ್ತವೆ. ಭಾರತದ ಪಾಸ್‌ಪೋರ್ಟನ್ನು ಒಪ್ಪಿಸಿ ಪ್ರಮಾಣ ಪತ್ರ ಪಡೆಯಬೇಕು. ಪೌರತ್ವ ಹೋದ ಮೇಲೂ ಹಳೆ ಪಾಸ್‌ಪೋರ್ಟ್ ಹಿಡಿದು ಪ್ರಯಾಣ ಮಾಡುವುದು ಅಪರಾಧ. ಹೀಗಾದವರಿಗೆ 2005ರ ತಿದ್ದುಪಡಿಯ ನಂತರ ಒ.ಸಿ.ಐ. ಕಾರ್ಡ್ ಉಂಟು. ಇದರಲ್ಲಿ ವೀಸಾ ಇಲ್ಲದೆ ಬಂದು ಹೋಗಬಹುದು, ಎಷ್ಟು ಸಮಯ ಬೇಕಾದರೂ ಇರಬಹುದು. ಓಟು ಇಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ.

ಈಗ ಜಾಗದ ವಿಷಯ. ಇದನ್ನು ಅಡಿಕೆ ತೋಟ, ಗದ್ದೆ ಇರುವವರು ಕಿವಿಗೊಟ್ಟು ಕೇಳಬೇಕು. ಒ.ಸಿ.ಐ. ಕಾರ್ಡಿನವರಾಗಲಿ, ಭಾರತೀಯ ಪಾಸ್‌ಪೋರ್ಟ್ ಇದ್ದು ಹೊರದೇಶದಲ್ಲಿ ನೆಲೆಸಿರುವವರಾಗಲಿ ಮನೆ, ಫ್ಲ್ಯಾಟ್ ಕೊಳ್ಳಬಹುದು. ಕೃಷಿ ಭೂಮಿ, ತೋಟ ಕ್ರಯಕ್ಕೆ ತೆಗೆಯಲು ವಿದೇಶಿ ವಿನಿಮಯ ಕಾನೂನು ಬಿಡುವುದಿಲ್ಲ. ದಾನಪತ್ರದಲ್ಲಿ ಪಡೆಯಲೂ ಬಿಡುವುದಿಲ್ಲ. ಆದರೆ ತಂದೆತಾಯಿಯಿಂದ ವಾರಸಾಗಿ ಬರಬಹುದು. ಆದ್ದರಿಂದ "ಮಗನ ಹೆಸರಿಗೆ ದಾನಪತ್ರ ಮಾಡಿ ಬಿಡುವ" ಎಂದು ಹೊರಡುವ ಮೊದಲು ವಕೀಲರನ್ನು ಕಾಣಿ. ವೀಲುನಾಮೆ ಬರೆದಿಡುವುದು ಸರಿಯೋ ಎಂದು ಕೇಳಿ.

ಮೊಮ್ಮಕ್ಕಳ ವಿಷಯವೂ ಉಂಟು. ಭಾರತೀಯ ತಂದೆತಾಯಿಗೆ ಗಲ್ಫಿನಲ್ಲಿ ಮಗು ಹುಟ್ಟಿದರೆ ಒಂದು ವರ್ಷದೊಳಗೆ ಭಾರತದ ದೂತಾವಾಸದಲ್ಲಿ ಜನನ ನೋಂದಣಿ ಮಾಡಬೇಕು. ತಡವಾದರೆ ಕೇಂದ್ರ ಸರ್ಕಾರದ ಅನುಮತಿಗೆ ಅಲೆಯಬೇಕು. ಫೋನಿನಲ್ಲಿ ಮಗುವಿನ ಹೆಸರು ಕೇಳುವಾಗ ಇದನ್ನೂ ಒಂದು ಮಾತು ಕೇಳಿ.

ಸಂಘ ಏನು ಮಾಡಬಹುದು?

ಹೊರದೇಶಕ್ಕೆ ಹೋಗುವ ಕಾರಣಕ್ಕೆ ಸಾಲದ ಅರ್ಜಿ ಬಂದಾಗ ಸಂಘವು ಐದು ಕಾಗದದ ಪ್ರತಿ ನೋಡಲಿ: ಪಾಸ್‌ಪೋರ್ಟ್, ವೀಸಾ, ಕೆಲಸದ ಕರಾರು ಪತ್ರ ಅಥವಾ ಕಾಲೇಜಿನ ಪ್ರವೇಶ ಪತ್ರ, ಏಜೆಂಟರ ಪರವಾನಗಿ ಸಂಖ್ಯೆ, ಕೊಟ್ಟ ಹಣದ ರಶೀದಿ. ವೀಸಾ ಇನ್ನೂ ಬಾರದಿದ್ದರೆ ಬಂದ ಮೇಲೆ ನೋಡಿಯೇ ದೊಡ್ಡ ಮೊತ್ತ ಬಿಡುಗಡೆ ಮಾಡುವ. ಇದು ಸದಸ್ಯೆಯ ಮೇಲೆ ಸಂಶಯ ಅಲ್ಲ, ಅವಳಿಗೆ ನಾವು ಹಾಕುವ ಬೇಲಿ. ಏಜೆಂಟರ ಎದುರು ಒಬ್ಬಳೇ ಕೇಳ್ಲಿಕ್ಕೆ ಹಿಂಜರಿಯುವ ಪ್ರಶ್ನೆಯನ್ನು "ನಮ್ಮ ಸಂಘದಲ್ಲಿ ಕೇಳ್ತಾರೆ" ಎಂದು ಹೇಳಿ ಕೇಳಬಹುದು.

ಹೆರೋದ ಅರಸನಿಗೆ ಹೆದರಿ ಮಗುವನ್ನೆತ್ತಿಕೊಂಡು ಪವಿತ್ರ ಕುಟುಂಬ ಈಜಿಪ್ಟಿನಲ್ಲಿ ಪರದೇಶಿಗಳಾಗಿ ಬಾಳಿತು. ಧರ್ಮಸಭೆ 1914ರಿಂದ ವಲಸಿಗರಿಗಾಗಿ ಒಂದು ದಿನವನ್ನೇ ಮೀಸಲಿಟ್ಟು ಪ್ರಾರ್ಥಿಸುತ್ತಾ ಬಂದಿದೆ. ನಾವೂ ಪ್ರಾರ್ಥಿಸೋಣ, ಜೊತೆಗೆ ಕಾಗದವನ್ನೂ ಓದೋಣ. ಮುಂದಿನ ವಾರದ ಸಭೆಯಲ್ಲಿ ಪ್ರತಿ ಸಂಘವೂ ಈ ಐದು ಕಾಗದದ ವಿಷಯವನ್ನು ಚರ್ಚಿಸಿ ನಿರ್ಣಯ ಪುಸ್ತಕದಲ್ಲಿ ಬರೆಯಬೇಕೆಂದು ಕೇಳಿಕೊಳ್ಳುತ್ತೇವೆ.

 ದೇವರು ನಿಮ್ಮನ್ನೂ, ದೂರದಲ್ಲಿರುವ ನಿಮ್ಮ ಮಕ್ಕಳನ್ನೂ ಕಾಪಾಡಲಿ.