ಹೆಪ್ಪುನೆಲವೂ ಶೇಡಿಮಣ್ಣೂ



ಅಂಕೋಲೆಯಲ್ಲಿ ಕುಳಿತು ಟಂಡ್ರಾದ ಮಣ್ಣಿನ ಬಗ್ಗೆ ಎರಡು ದಿನ ಮಾತಾಡುವುದೇಕೆ ಎಂದು ಆಮಂತ್ರಣ ನೋಡಿದ ಕೆಲವರು ಕೇಳಿದರಂತೆ. ಕೇಳಬೇಕಾದ ಪ್ರಶ್ನೆಯೇ. ನಮ್ಮಲ್ಲಿ ಬಾವಿ ತೋಡುವವರಿಗೆ ಅರ್ಧ ಉತ್ತರ ಗೊತ್ತು. ಮೇಲೆ ಗಟ್ಟಿ ಚಿರೆಕಲ್ಲು. ಅದನ್ನು ಕಡಿದು ಇಳಿದರೆ ಬಿಳಿ, ಹಳದಿ, ನಸುಗೆಂಪಿನ ಶೇಡಿಮಣ್ಣು. ಒಣಗಿದ್ದಾಗ ಪಿಕಾಸಿಗೂ ಸುಲಭಕ್ಕೆ ಜಗ್ಗುವುದಿಲ್ಲ; ನೀರು ಕುಡಿಯಿತೋ, ಬೆರಳ ಸಂದಿಯಲ್ಲೇ ಜಾರುತ್ತದೆ.

ಸೈಬೀರಿಯದ ಯಾಕುತ್ಸ್ಕ್ ಪಟ್ಟಣದಲ್ಲಿ ಶೆರ್ಗಿನ್ ಎಂಬ ವ್ಯಾಪಾರಿ ಕಂಪನಿಯ ಗುಮಾಸ್ತನೂ ಬಾವಿ ತೋಡಿಸಿದ್ದ. 1830ರ ದಶಕದಲ್ಲಿ ಅದು ಸುಮಾರು 116 ಮೀಟರ್ ಆಳಕ್ಕೆ ಹೋಯಿತು. ಒರತೆ ಸಿಗಲಿಲ್ಲ, ಹೆಪ್ಪುಗಟ್ಟಿದ ನೆಲ ಮುಗಿಯಲೂ ಇಲ್ಲ. ಕುಡಿಯಲು ನೀರು ಕೊಡದ ಆ ಬಾವಿ ವಿಜ್ಞಾನಕ್ಕೆ ದಕ್ಕಿತು: 1844ರಲ್ಲಿ ವಿಜ್ಞಾನಿ ಮಿಡೆನ್‌ಡಾರ್ಫ್ ಅದರೊಳಗೆ ಬೇರೆ ಬೇರೆ ಆಳದಲ್ಲಿ ಉಷ್ಣತೆ ಅಳೆದ. ಇಳಿದಂತೆ ಚಳಿ ಕಡಿಮೆಯಾಗುತ್ತಿತ್ತು, ಆದರೂ ತಳದಲ್ಲಿ ಸೊನ್ನೆಗಿಂತ ಕೆಳಗೇ ಇತ್ತು.

ಸತತ ಎರಡು ವರ್ಷವಾದರೂ ಸೊನ್ನೆ ಡಿಗ್ರಿ ಸೆಲ್ಸಿಯಸ್ ದಾಟದ ನೆಲಕ್ಕೆ ಪರ್ಮಾಫ್ರಾಸ್ಟ್, ಅಂದರೆ ಹೆಪ್ಪುನೆಲ, ಎನ್ನುತ್ತೇವೆ. ಅದರ ಮೇಲಿನ ಪದರ ಮಾತ್ರ ಪ್ರತಿ ಬೇಸಿಗೆ ಕರಗುತ್ತದೆ, ಕೆಲವೆಡೆ ಮೊಣಕಾಲುದ್ದ, ಕೆಲವೆಡೆ ಆಳೆತ್ತರ. ಕರಗಿದ ನೀರು ಕೆಳಕ್ಕೆ ಇಂಗಲಾರದು. ಹಾಗಾಗಿ ಮಳೆ ತೀರ ಕಡಿಮೆಯಿದ್ದರೂ ಟಂಡ್ರಾ ಜೌಗು. ಇಳಿಜಾರಿನಲ್ಲಿ ಆ ಕೆಸರು ಮೆಲ್ಲಗೆ, ಒಮ್ಮೊಮ್ಮೆ ಏಕಾಏಕಿ, ಜಾರುತ್ತದೆ. ಅಲ್ಲಿ ಮೇಲೆ ಮೆತ್ತಗೆ, ಕೆಳಗೆ ಗಟ್ಟಿ. ನಮ್ಮಲ್ಲಿ ತಿರುವುಮುರುವು. ಅಲ್ಲಿ ಮಣ್ಣಿನ ಕಣಗಳನ್ನು ಮಂಜುಗಡ್ಡೆ ಬೆಸೆದಿರುತ್ತದೆ. ಇಲ್ಲಿ ಕಣಗಳ ನಡುವಿನ ಅಲ್ಪ ತೇವದ ಸೆಳೆತ. ಆ ಬೆಸುಗೆಯನ್ನು ಬಿಸಿಲು ಬಿಡಿಸುತ್ತದೆ, ಇದನ್ನು ಆಷಾಢದ ಮಳೆ.

ಶಿರೂರು ಇಲ್ಲಿಂದ ದೂರವಿಲ್ಲ. ಆ ಊರಿನವರು ಈ ಸಭೆಯಲ್ಲೂ ಇರಬಹುದು, ಅದನ್ನು ಬರೀ ಉದಾಹರಣೆ ಎನ್ನಲು ನಾಲಿಗೆ ಹಿಂಜರಿಯುತ್ತದೆ. 2024ರ ಜುಲೈ 16ರ ಬೆಳಿಗ್ಗೆ ಹೆದ್ದಾರಿ 66ರ ಪಕ್ಕದ ಗುಡ್ಡ ಕುಸಿದು ಚಾ ಅಂಗಡಿಯನ್ನೂ ನಿಂತಿದ್ದ ವಾಹನಗಳನ್ನೂ ಗಂಗಾವಳಿ ಹೊಳೆಗೆ ನೂಕಿತು. ಉಕ್ಕಿದ ನೀರು ಆಚೆ ದಡದ ಉಳುವರೆಯ ಮನೆಗಳಿಗೆ ಅಪ್ಪಳಿಸಿತು. ಹನ್ನೊಂದು ಜನರನ್ನು ಕಳೆದುಕೊಂಡೆವು. ಹೊಳೆಯಲ್ಲಿ ಹುಡುಕಾಟ ಸೆಪ್ಟೆಂಬರಿನಲ್ಲೂ ನಡೆದಿತ್ತು.

ಮಳೆ ಜೋರಿತ್ತು ಎನ್ನುವುದು ನಿಜ. ರಸ್ತೆ ಅಗಲಿಸಲು ಗುಡ್ಡದ ಬುಡ ಕಡಿದಿದ್ದೂ ನಿಜವೇ. ಒಂದನ್ನೇ ಹೇಳಿ ಇನ್ನೊಂದನ್ನು ಮರೆಸುವುದು ಹೆಪ್ಪುನೆಲದಲ್ಲೂ ನಡೆದಿದೆ. 2020ರ ಮೇ 29ರಂದು ರಷ್ಯಾದ ನೊರಿಲ್ಸ್ಕ್‌ನಲ್ಲಿ ಇಂಧನ ಟ್ಯಾಂಕಿನ ಆಧಾರ ಕುಸಿದು ಸುಮಾರು 20 ಸಾವಿರ ಟನ್ ಡೀಸೆಲ್ ಸೋರಿ ಹೊಳೆ ಸೇರಿದಾಗ, ಟ್ಯಾಂಕಿನ ಮಾಲೀಕ ಕಂಪನಿ ಮೊದಲು ಬೆರಳು ತೋರಿಸಿದ್ದು ಕರಗುತ್ತಿರುವ ಹೆಪ್ಪುನೆಲದ ಕಡೆಗೆ. ಸರಕಾರಿ ತನಿಖೆಗೆ ತಳಪಾಯದಲ್ಲೂ ನಿಗಾ ವಹಿಸುವುದರಲ್ಲೂ ಲೋಪ ಕಂಡಿತು. ಹವಾಮಾನ ಬದಲಾವಣೆ ಎಂಬ ಮಾತು ಹೊಣೆ ಜಾರಿಸಿಕೊಳ್ಳುವವರಿಗೂ ಅನುಕೂಲವಾಗಿ ಬಿಟ್ಟಿದೆ. ಈ ಸಂಕಿರಣದ ಪ್ರಬಂಧಗಳು ಆ ಅನುಕೂಲ ಒದಗಿಸಬಾರದು.

ಹಾಗೆಂದು ಹವಾಮಾನ ಬದಲಾವಣೆಯನ್ನು ಹಗುರವಾಗಿ ಕಾಣುವಂತಿಲ್ಲ. ಹೆಪ್ಪುನೆಲದಲ್ಲಿ ಹುದುಗಿರುವ ಇಂಗಾಲ ಸುಮಾರು ಒಂದೂವರೆ ಲಕ್ಷ ಕೋಟಿ ಟನ್, ವಾತಾವರಣದಲ್ಲಿರುವುದರ ಹೆಚ್ಚುಕಡಿಮೆ ಎರಡರಷ್ಟು. ನೆಲ ಕರಗಿದರೆ ಸೂಕ್ಷ್ಮಜೀವಿಗಳು ಅದನ್ನು ಇಂಗಾಲದ ಡೈಆಕ್ಸೈಡ್, ಮೀಥೇನ್ ಆಗಿಸುತ್ತವೆ. ಆ ಅನಿಲಗಳಿಂದ ಭೂಮಿ ಬಿಸಿಯೇರಿ ಕಡಲು ಕಾಯುತ್ತದೆ, ಏರುತ್ತದೆ. ಕಡಲಂಚಿನ ಉಪ್ಪುನೀರಿನ ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಬಿತ್ತುವವರಿಗೆ ಅದರ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

ಹೆಪ್ಪುನೆಲ ಓದುವ ಉತ್ತರದ ವಿಜ್ಞಾನಿಗಳಿಂದ ನಾನು ಬೇಡುವುದು ಅವರ ತಾಳ್ಮೆಯನ್ನು. ಕೊಳವೆ ತೂತಿನಲ್ಲಿ ತಂತಿ ಇಳಿಬಿಟ್ಟು ಒಂದೇ ಜಾಗದ ಉಷ್ಣತೆಯನ್ನು ದಶಕಗಟ್ಟಲೆ ಬರೆದಿಡುತ್ತಾರೆ. ನಮ್ಮ ಗುಡ್ಡಗಳಿಗೆ ಮಳೆಯ ಲೆಕ್ಕವೊಂದೇ ಸಾಲದು. ಒಳಗೆ ನೀರು ಎಷ್ಟು ಎತ್ತರಕ್ಕೆ ಏರಿತೆಂಬ ಲೆಕ್ಕ ಬೇಕು. ಉಪಕರಣ ಬರುವ ತನಕ ಕಾಯಬೇಕಿಲ್ಲ. ಕಡಿದ ಗುಡ್ಡಗಳ ಬುಡದ ಮನೆಬಾವಿಗಳಿವೆ, ನೀರಿನ ಮಟ್ಟ ಅಳೆಯಲು ಹಗ್ಗವಿದೆ, ಜೂನ್‌ನಿಂದ ಸೆಪ್ಟೆಂಬರ್ ತನಕ ದಿನಾ ಅದೇ ಹಾದಿಯಲ್ಲಿ ಕಾಲೇಜಿಗೆ ಬರುವ ವಿದ್ಯಾರ್ಥಿಗಳು ನೀವಿದ್ದೀರಿ. ಯಾವ ಊರಿನ ಯಾವ ಬಾವಿಯಿಂದ ಶುರು ಮಾಡುವುದೆಂಬ ಪಟ್ಟಿಯನ್ನು ನಾಳೆಯ ಕೊನೆಯ ಗೋಷ್ಠಿಯಲ್ಲಿ ಬರೆದು ಮುಗಿಸೋಣ.