ಪೇಟೆಂಟ್ ಇಲ್ಲದ ಕೊಡುಗೆ

ರಕ್ತದೊತ್ತಡಕ್ಕೆಂದು ಬೆಳಿಗ್ಗೆ ಲೋಸಾರ್ಟನ್ ಮಾತ್ರೆ ನುಂಗುವವರು ನಿಮ್ಮಲ್ಲಿ ಅನೇಕರಿರಬಹುದು. ಅದರ ತಯಾರಿಕೆಯಲ್ಲಿ ಬಳಕೆಯಾದ ಒಂದು ಮುಖ್ಯ ಕ್ರಿಯೆಗೆ ಜಪಾನಿನ ರಸಾಯನವಿಜ್ಞಾನಿ ಅಕಿರಾ ಸುಜುಕಿ ಅವರ ಹೆಸರಿದೆ.

1930ರಲ್ಲಿ ಹೊಕ್ಕೈಡೊ ದ್ವೀಪದ ಮುಕಾವಾದಲ್ಲಿ ಹುಟ್ಟಿದ ಸುಜುಕಿ, ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಹರ್ಬರ್ಟ್ ಬ್ರೌನ್ ಅವರ ಬಳಿ ಬೋರಾನ್ ಸಂಯುಕ್ತಗಳ ಅಧ್ಯಯನ ಮಾಡಿದರು. ಊರಿಗೆ ಮರಳಿದ ಮೇಲೂ ಅದನ್ನು ಬಿಡಲಿಲ್ಲ. ಬೋರಾನಿಗೆ ಅಂಟಿದ ಇಂಗಾಲ ಸುಲಭಕ್ಕೆ ಜಗ್ಗುವಂಥದ್ದಲ್ಲ. ಅದನ್ನು ಇನ್ನೊಂದು ಇಂಗಾಲಕ್ಕೆ ಜೋಡಿಸಲು 1979ರಲ್ಲಿ ಸಹಸಂಶೋಧಕ ನೊರಿಯೊ ಮಿಯೌರಾ ಅವರೊಂದಿಗೆ ದಾರಿ ಕಂಡುಕೊಂಡರು: ತುಸು ಪೆಲಾಡಿಯಂ ಲೋಹ, ಜೊತೆಗೆ ಕ್ಷಾರ. ಸಂಬಂಧ ಕುದುರಿಸುವ ಹಿರಿಯರಂತೆ ಪೆಲಾಡಿಯಂ ಎರಡು ಇಂಗಾಲಗಳನ್ನು ಕೂಡಿಸಿ, ತಾನು ಹೊರಬಂದು ಮುಂದಿನ ಜೋಡಿಗೆ ಹೊರಡುತ್ತದೆ. ಇದರಲ್ಲಿ ಹೆಚ್ಚಾಗಿ ಬಳಸುವ ಬೋರಾನ್ ಸಂಯುಕ್ತಗಳು ನೀರಿಗೆ, ಗಾಳಿಗೆ ಅಂಜುವುದಿಲ್ಲ, ವಿಷವೂ ಕಡಿಮೆ. ಕಾರ್ಖಾನೆಗಳಿಗೆ ಬೇಕಾಗಿದ್ದುದು ಇದೇ.

2010ರಲ್ಲಿ ರಿಚರ್ಡ್ ಹೆಕ್, ಐಇಚಿ ನೆಗಿಶಿ ಅವರೊಂದಿಗೆ ನೊಬೆಲ್ ಬಂತು. ಈ ಕ್ರಿಯೆಗೆ ಸುಜುಕಿ ಪೇಟೆಂಟ್ ಪಡೆದಿರಲಿಲ್ಲ. ಯಾರು ಬೇಕಾದರೂ ಬಳಸಬಹುದಿತ್ತು, ಬಳಸಿದರು. ನೊಬೆಲ್‌ಗಿಂತ ಆ ಔದಾರ್ಯವೇ ನನಗೆ ದೊಡ್ಡದು.