ಗಾಲ್ಫ್ ಆಡುವ ಹೆಣ್ಣುಮಕ್ಕಳೂ ಅಮೆರಿಕದ ಕಾಲೇಜುಗಳೂ

(ಮುಂಬಯಿಯ ನಮ್ಮ ಸಂಘದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ಪಂಪ ರನ್ನರನ್ನು ಕುರಿತು, ವಚನಗಳನ್ನು ಕುರಿತು, ಏಕೀಕರಣಕ್ಕಾಗಿ ದುಡಿದ ಹಿರಿಯರನ್ನು ಕುರಿತು ಮಾತನಾಡಿದ ವಿದ್ವಾಂಸರನ್ನು ತಾವು ಕೇಳಿದ್ದೀರಿ. ಅಂಥ ಸ್ಥಳದಲ್ಲಿ ಇಂದು ಬ್ಯಾಂಕಿನ ಲೆಕ್ಕದ ಪುಸ್ತಕವನ್ನು ಬಿಟ್ಟು ಬೇರೆ ಪುಸ್ತಕವನ್ನು ಹೆಚ್ಚಾಗಿ ತೆರೆಯದ ನಾನು ನಿಂತಿದ್ದೇನೆ; ಅದೂ ಗಾಲ್ಫ್ ಎಂಬ ಆಟವನ್ನು ಕುರಿತು ಹೇಳುವುದಕ್ಕೆ. ಅದು ಶ್ರೀಮಂತರ ಆಟ, ನಮಗೇಕೆ ಎಂದು ಕೆಲವರು ಮನಸ್ಸಿನಲ್ಲಿಯೇ ಅಂದುಕೊಳ್ಳುತ್ತಿರಬಹುದು. ಹತ್ತು ವರ್ಷಗಳ ಹಿಂದೆ ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ನಮ್ಮ ಸಂಘದ ಮನೆಗಳಲ್ಲಿಯೇ ಈಗ ಈ ಆಟ ಆಡುವ ಹುಡುಗಿಯರು ಕೆಲವರಿದ್ದಾರೆ. ಅವರ ತಂದೆತಾಯಿಗಳು ದಾರಿಯಲ್ಲಿ ನನ್ನನ್ನು ನಿಲ್ಲಿಸಿ, “ನಿಮ್ಮ ಮಗಳು ಅಮೆರಿಕಕ್ಕೆ ಹೋದದ್ದು ಹೇಗೆ? ನಾವೇನು ಮಾಡಬೇಕು?” ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೆ ಅರ್ಧರ್ಧ ಹೇಳುವುದಕ್ಕಿಂತ ಎಲ್ಲರಿಗೂ ಒಮ್ಮೆಗೇ ಪೂರ್ತಿಯಾಗಿ ಹೇಳಿಬಿಡಿ ಎಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. ಅದನ್ನು ಪಾಲಿಸುತ್ತಿದ್ದೇನೆ.

ಮೊದಲು, ಅಮೆರಿಕದ ಕಾಲೇಜುಗಳು ಆಟಗಾರರನ್ನು ಹುಡುಕಿ ಕರೆದುಕೊಳ್ಳುವುದೇಕೆ ಎಂಬುದನ್ನು ತಿಳಿಯಬೇಕು. ಅಲ್ಲಿ ಕಾಲೇಜಿನ ಆಟವೆಂದರೆ ಬಿಡುವಿನ ವೇಳೆಯ ವಿನೋದವಲ್ಲ. ಅದು ದೊಡ್ಡ ವ್ಯವಸ್ಥೆ. 1972ರಲ್ಲಿ ಆ ದೇಶದಲ್ಲಿ ಒಂದು ಕಾನೂನು ಬಂದಿತು. ‘ಟೈಟಲ್ ನೈನ್’ ಎಂದು ಅದರ ಹೆಸರು. ಸರಕಾರದ ಹಣ ಪಡೆಯುವ ವಿದ್ಯಾಸಂಸ್ಥೆ ಹೆಣ್ಣು ಗಂಡೆಂಬ ಭೇದ ಮಾಡಕೂಡದು ಎಂಬುದು ಅದರ ತಿರುಳು. ಆಟದ ಮೈದಾನಕ್ಕೂ ಅದು ಅನ್ವಯಿಸಿದುದರಿಂದ ಹೆಣ್ಣುಮಕ್ಕಳ ತಂಡಗಳು ಹೆಚ್ಚಿದವು, ಅವರಿಗೆ ವಿದ್ಯಾರ್ಥಿವೇತನಗಳು ಹುಟ್ಟಿಕೊಂಡವು. ಕಾಲೇಜು ಆಟಗಳನ್ನು ನಡೆಸುವ ಎನ್‌ಸಿಎಎ ಎಂಬ ಸಂಸ್ಥೆಯಲ್ಲಿ ಮೂರು ವಿಭಾಗಗಳಿವೆ. ಒಂದನೆಯ ವಿಭಾಗವೊಂದರಲ್ಲಿಯೇ ಹುಡುಗಿಯರ ಗಾಲ್ಫ್ ತಂಡವಿರುವ ಕಾಲೇಜುಗಳು ಇನ್ನೂರೈವತ್ತಕ್ಕೂ ಹೆಚ್ಚು. ಎರಡನೆಯ ವಿಭಾಗದಲ್ಲಿಯೂ ಆಟಕ್ಕಾಗಿ ವಿದ್ಯಾರ್ಥಿವೇತನವುಂಟು. ಮೂರನೆಯದರಲ್ಲಿ ಆಟಕ್ಕೆಂದು ಹಣ ಕೊಡುವುದಿಲ್ಲ. ಓದಿಗೆ, ಮನೆಯ ಆರ್ಥಿಕ ಸ್ಥಿತಿಗೆ ತಕ್ಕಂತೆ ನೆರವು ಸಿಗಬಹುದು. ಇವಲ್ಲದೆ ಎನ್‌ಎಐಎ ಎಂಬ ಬೇರೊಂದು ಒಕ್ಕೂಟವೂ, ಎರಡು ವರ್ಷದ ಜೂನಿಯರ್ ಕಾಲೇಜುಗಳ ಒಕ್ಕೂಟವೂ ಇವೆ. ಹೆಸರಾಂತ ಹತ್ತು ಹನ್ನೆರಡು ವಿಶ್ವವಿದ್ಯಾನಿಲಯಗಳಷ್ಟೇ ಅಮೆರಿಕವಲ್ಲ ಎಂಬುದನ್ನು ಮೊದಲ ದಿನವೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಅದನ್ನು ಕಲಿಯುವುದಕ್ಕೆ ನನಗೆ ಒಂದೂವರೆ ವರ್ಷ ಹಿಡಿಯಿತು.

ಕಾಲೇಜಿನ ದಾರಿಯೊಂದೇ ದಾರಿ ಎಂದೂ ನಾನು ಹೇಳುವುದಿಲ್ಲ. ಬೆಂಗಳೂರಿನ ಅದಿತಿ ಅಶೋಕ್ ಅವರನ್ನು ನೋಡಿ. ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನದಲ್ಲಿ ಎಳೆಯ ವಯಸ್ಸಿನಲ್ಲಿ ಕೋಲು ಹಿಡಿದ ಈಕೆ ಅಮೆರಿಕದ ಕಾಲೇಜಿಗೆ ಹೋಗದೆ 2016ರಲ್ಲಿ ನೇರವಾಗಿ ವೃತ್ತಿಗೆ ಇಳಿದರು. ಅದೇ ವರ್ಷ ರಿಯೊ ಒಲಿಂಪಿಕ್ಸ್‌ನಲ್ಲಿ ತಂದೆ ಅವರ ಚೀಲ ಹೊತ್ತರು. ಟೋಕಿಯೊ ಕ್ರೀಡೆಗಳು 2021ರಲ್ಲಿ ನಡೆದಾಗ ತಾಯಿ ಹೊತ್ತರು. ಅಲ್ಲಿ ಈಕೆ ನಾಲ್ಕನೆಯವರಾದರು. ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿತು. ಆ ಬೆಳಗ್ಗೆ ಗಾಲ್ಫ್ ಎಂದರೇನೆಂದು ಅರಿಯದ ನಮ್ಮ ಅಜ್ಜಿಯಂದಿರೂ ಟೆಲಿವಿಷನ್ನಿನ ಮುಂದೆ ಕುಳಿತಿದ್ದರು. ಆದರೆ ಹದಿನೇಳು ಹದಿನೆಂಟು ವರ್ಷಕ್ಕೆ ಅಷ್ಟು ಪಕ್ವವಾಗುವ ಆಟ ಎಲ್ಲರದಲ್ಲ. ಉಳಿದ ಹುಡುಗಿಯರಿಗೆ ಆಟ ಬೆಳೆಯಲು ನಾಲ್ಕು ವರ್ಷ, ಜೊತೆಗೆ ಕೈಯಲ್ಲಿ ಒಂದು ಪದವಿ. ಇದೇ ಕಾಲೇಜು ಗಾಲ್ಫಿನ ಲಾಭ.

ಇನ್ನು ನಾನು ಮಾಡಿದ ತಪ್ಪನ್ನು ಹೇಳುತ್ತೇನೆ. ಈ ಭಾಷಣದಲ್ಲಿ ನಿಮಗೆ ಹೆಚ್ಚು ಉಪಯೋಗವಾಗುವುದು ಅದೇ.

ನನ್ನ ಮಗಳು ಒಂಬತ್ತನೆಯ ತರಗತಿಯಲ್ಲಿದ್ದಾಗ ನಾನು ಒಂದು ಪಟ್ಟಿ ಮಾಡಿದೆ. ಅದರಲ್ಲಿದ್ದುವು ಜಗತ್ಪ್ರಸಿದ್ಧ ವಿದ್ಯಾಲಯಗಳು ಮಾತ್ರ. ರಾತ್ರಿ ಊಟವಾದ ಮೇಲೆ ಕುಳಿತು ಅವಳ ಹೆಸರಿನಲ್ಲಿ ನಾನೇ ಕೋಚ್‌ಗಳಿಗೆ ಈ-ಮೇಲ್ ಬರೆದೆ. ಬ್ಯಾಂಕಿನ ಇಂಗ್ಲಿಷಿನಲ್ಲಿ ನಲವತ್ತು ಪತ್ರಗಳು! ಉತ್ತರವಿಲ್ಲ. ಇವರೆಷ್ಟು ಗರ್ವಿಷ್ಠರು ಎಂದು ಸಿಟ್ಟಾದೆ. ಆಮೇಲೆ ತಿಳಿಯಿತು: ಒಂದನೆಯ ವಿಭಾಗದ ಕೋಚ್‌ಗಳು ಹುಡುಗಿಯ ಹತ್ತನೆಯ ತರಗತಿ ಮುಗಿದ ಬೇಸಗೆಯ ಜೂನ್ 15ಕ್ಕೆ ಮೊದಲು ಅವಳೊಡನೆ ಪತ್ರವ್ಯವಹಾರ ನಡೆಸುವಂತಿಲ್ಲ. ನಾವು ಬರೆಯಬಹುದು, ಅವರು ಉತ್ತರಿಸುವಂತಿಲ್ಲ. ಕಾಲೇಜಿನ ಖರ್ಚಿನಲ್ಲಿ ಅಲ್ಲಿಗೆ ಹೋಗಿ ನೋಡಿಬರುವ ಅಧಿಕೃತ ಭೇಟಿಗೂ ಆ ವರ್ಷದ ಆಗಸ್ಟ್ 1ರ ವರೆಗೆ ಕಾಯಬೇಕು. ಅವರ ಮೌನ ಗರ್ವವಲ್ಲ, ನಿಯಮ.

ಜೂನ್ ಕಳೆದ ಮೇಲೆ ಒಬ್ಬ ಕೋಚ್ ವಿಡಿಯೋ ಕರೆಯಲ್ಲಿ ಮಾತನಾಡೋಣವೆಂದರು. ಮಗಳ ಪಕ್ಕದಲ್ಲಿ ನಾನೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕುಳಿತೆ. ಆಕೆ ಕೇಳಿದ ಪ್ರಶ್ನೆಗೆಲ್ಲ ನಾನೇ ಉತ್ತರ ಕೊಟ್ಟೆ. ಮಗಳು ಬಾಯಿ ತೆರೆಯುವಷ್ಟರಲ್ಲಿ ನನ್ನ ವಾಕ್ಯ ಮುಗಿದಿರುತ್ತಿತ್ತು. ಆ ಕೋಚ್ ಮತ್ತೆ ಬರೆಯಲಿಲ್ಲ. ಎರಡು ವಾರ ಕಳೆದ ಮೇಲೆ ಮಗಳು ಮೆಲ್ಲಗೆ ಹೇಳಿದಳು: “ಅಪ್ಪಾ, ಅವರು ಕೇಳಿದ್ದು ನನ್ನನ್ನು. ಅಲ್ಲಿಗೆ ಹೋಗಿ ಇರಬೇಕಾದವಳೂ ನಾನೇ.” ಅವಳ ತಾಯಿ ಅಡಿಗೆಮನೆಯಿಂದ, “ಇಷ್ಟು ದಿನಕ್ಕೆ ಸರಿಯಾದ ಮಾತು ಬಂತು” ಎಂದಳು. ನನಗೆ ನಾಚಿಕೆಯಾಯಿತು. ಅಂದಿನಿಂದ ಪತ್ರವನ್ನೆಲ್ಲ ಅವಳೇ ಬರೆದಳು. ವ್ಯಾಕರಣ ನೋಡುವುದಷ್ಟೇ ನನ್ನ ಕೆಲಸವಾಯಿತು.

ಕೋಚ್ ಏನನ್ನು ನೋಡುತ್ತಾರೆ? ಕಾಲೇಜು ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಐವರು ಆಡುತ್ತಾರೆ; ಪ್ರತಿದಿನ ಅವರಲ್ಲಿ ಉತ್ತಮವಾದ ನಾಲ್ಕು ಲೆಕ್ಕಗಳು ತಂಡಕ್ಕೆ ಸೇರುತ್ತವೆ. ಒಂದು ದಿನ 69, ಮರುದಿನ 84 ಹೊಡೆಯುವ ಹುಡುಗಿಗಿಂತ ದಿನವೂ 75ರ ಆಸುಪಾಸಿನಲ್ಲಿರುವವಳು ಅವರಿಗೆ ಬೇಕು. ಆದ್ದರಿಂದ ಮನೆಯ ಮೈದಾನದಲ್ಲಿ ಗೆಳತಿಯರೊಡನೆ ಹೊಡೆದ ಉತ್ತಮ ಲೆಕ್ಕಕ್ಕೆ ಬೆಲೆಯಿಲ್ಲ. ಎರಡು ಮೂರು ದಿನ ನಡೆಯುವ ಸ್ಪರ್ಧೆಯ ಲೆಕ್ಕ ಬೇಕು. ಅದರ ಪಕ್ಕದಲ್ಲಿ ಮೈದಾನ ಎಷ್ಟು ಗಜ ಉದ್ದ, ಪಾರ್ ಎಷ್ಟು, ಎಷ್ಟು ಜನ ಆಡಿದರು, ನೀವೆಷ್ಟನೆಯವರು ಎಂಬುದೂ ಇರಬೇಕು. ಅಲ್ಲಿಯ ಹುಡುಗಿಯರು ಆರು ಸಾವಿರ ಗಜಕ್ಕೂ ಮೇಲ್ಪಟ್ಟ ಮೈದಾನಗಳಲ್ಲಿ ಆಡುತ್ತಾರೆ. ಐದು ಸಾವಿರದ ಚಿಲ್ಲರೆ ಗಜದಲ್ಲಿ ಹೊಡೆದ 74 ಅವರನ್ನು ಬೆರಗುಗೊಳಿಸುವುದಿಲ್ಲ. ಇಂಡಿಯನ್ ಗಾಲ್ಫ್ ಯೂನಿಯನ್ ನಡೆಸುವ ಜೂನಿಯರ್ ಸ್ಪರ್ಧೆಗಳಲ್ಲಿ ಆಡಿಸಿ. ಜಗತ್ತಿನ ಹವ್ಯಾಸಿ ಆಟಗಾರರ ಶ್ರೇಯಾಂಕದ ಪಟ್ಟಿಗೆ ಲೆಕ್ಕ ಸೇರುವ ಸ್ಪರ್ಧೆಗಳು ಯಾವುವೆಂದು ವಿಚಾರಿಸಿ ಅವನ್ನು ಬಿಡಬೇಡಿ. ಭಾರತದ ಮೈದಾನಗಳನ್ನು ಕಾಣದ ಕೋಚ್‌ಗೆ ನಿಮ್ಮ ಮಗಳನ್ನು ಅಳೆಯುವ ಕೋಲು ಆ ಪಟ್ಟಿಯೇ.

ಕಳುಹಿಸುವ ಪತ್ರ ಚಿಕ್ಕದಾಗಿರಲಿ. ಹೆಸರು, ಹನ್ನೆರಡನೆಯ ತರಗತಿ ಮುಗಿಯುವ ವರ್ಷ, ಸ್ಪರ್ಧೆಯ ಲೆಕ್ಕಗಳು, ಶಾಲೆಯ ಅಂಕಗಳು, ಆ ಕಾಲೇಜೇ ಏಕೆ ಬೇಕೆಂಬ ಒಂದೆರಡು ನಿಜವಾದ ಮಾತುಗಳು, ಇಷ್ಟು ಸಾಕು. ಜೊತೆಗೆ ಎದುರಿನಿಂದ ಒಂದು, ಚೆಂಡು ಹೋಗುವ ದಿಕ್ಕಿಗೆ ಹಿಂದಿನಿಂದ ಒಂದು, ಹೀಗೆ ಎರಡು ಕಡೆಯಿಂದ ತೆಗೆದ ಚಿಕ್ಕ ವಿಡಿಯೋ. ಸಂಗೀತ ಸೇರಿಸಬೇಡಿ, ಅಲಂಕಾರ ಬೇಡ. ಪ್ರತಿ ದೊಡ್ಡ ಸ್ಪರ್ಧೆಯ ನಂತರ ನಾಲ್ಕು ಸಾಲು ಬರೆಯಲಿ. ಆಟ ಕೆಟ್ಟಾಗಲೂ ಬರೆಯಲಿ.

ಓದಿನ ವಿಷಯ ಬಹಳ ಮುಖ್ಯ. ಒಂದನೆಯ ಮತ್ತು ಎರಡನೆಯ ವಿಭಾಗದಲ್ಲಿ ಆಡುವವರು ಎನ್‌ಸಿಎಎಯ ಅರ್ಹತಾ ಕೇಂದ್ರದಲ್ಲಿ ಹೆಸರು ನೋಂದಾಯಿಸಿ, ಓದಿನಲ್ಲಿ ಅರ್ಹರೆಂದೂ ಹವ್ಯಾಸಿಗಳೆಂದೂ ತೋರಿಸಬೇಕು. ಅವರು ಲೆಕ್ಕ ಹಿಡಿಯುವುದು ಹನ್ನೆರಡನೆಯ ತರಗತಿಯೊಂದನ್ನೇ ಅಲ್ಲ. ಪ್ರೌಢಶಾಲೆಯಿಂದಲೇ ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜಶಾಸ್ತ್ರಗಳನ್ನು ನೋಡುತ್ತಾರೆ. ಒಂಬತ್ತನೆಯ ತರಗತಿಯ ಅಂಕಪಟ್ಟಿಯನ್ನು ರದ್ದಿಗೆ ಹಾಕಬೇಡಿ. ಹತ್ತರ ನಂತರ ಗಣಿತ ಬಿಡುವ ಮೊದಲು, ಅಥವಾ ಹನ್ನೆರಡರ ನಂತರ “ಒಂದು ವರ್ಷ ಬರಿಯ ಆಟ” ಎಂದು ಕೂರಿಸುವ ಮೊದಲು ನಿಯಮ ನೋಡಿ. ಆಡುವ ಅರ್ಹತೆಗೇ ಕುತ್ತು ಬರಬಹುದು. ಬಹುಮಾನವೆಂದು ಯಾರಾದರೂ ಹಣ ಕೊಟ್ಟರೆ ಕೈಚಾಚುವ ಮುನ್ನ ಕೇಳಿ ತಿಳಿಯಿರಿ. ಎಸ್‌ಎಟಿ ಪರೀಕ್ಷೆಯನ್ನು ಎನ್‌ಸಿಎಎ 2023ರಿಂದ ಅರ್ಹತೆಗೆ ಕಡ್ಡಾಯವಾಗಿ ಕೇಳುತ್ತಿಲ್ಲ. ಆದರೆ ವಿಶ್ವವಿದ್ಯಾನಿಲಯ ತನ್ನ ಪ್ರವೇಶಕ್ಕೆ ಕೇಳಬಹುದು. ಇವೆರಡೂ ಬೇರೆ ಬೇರೆ ಬಾಗಿಲುಗಳು.

ಈಗ ಹಣದ ಮಾತು. ‘ಸ್ಕಾಲರ್‌ಶಿಪ್ ಸಿಕ್ಕಿತು’ ಎಂದರೆ ಎಲ್ಲವೂ ಉಚಿತವೆಂದು ನಾವು ಪೇಡೆ ಹಂಚುತ್ತೇವೆ. ನಿಜಸ್ಥಿತಿ ಬೇರೆ. ಎರಡನೆಯ ವಿಭಾಗದ ಕಾಲೇಜೊಂದು ಹುಡುಗಿಯರ ಗಾಲ್ಫಿಗೆ ಕೊಡಬಹುದಾದ ಮಿತಿ ಒಟ್ಟು 5.4 ಪೂರ್ಣ ವೇತನಗಳು. ಅದನ್ನು ಎಂಟೊಂಬತ್ತು ಜನರಿಗೆ ಹಂಚುತ್ತಾರೆ, ಎಷ್ಟೋ ಕಾಲೇಜುಗಳಲ್ಲಿ ಅಷ್ಟೂ ಹಣವಿರುವುದಿಲ್ಲ. ಒಂದನೆಯ ವಿಭಾಗದಲ್ಲಿ ಮೊದಲು ಆರು ವೇತನಗಳೆಂಬ ಮಿತಿಯಿತ್ತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಒಂದು ಒಡಂಬಡಿಕೆಯ ಮೇರೆಗೆ, ಅದಕ್ಕೆ ಸೇರಿದ ಕಾಲೇಜುಗಳಲ್ಲಿ ವೇತನದ ಮಿತಿ ಹೋಗಿ, ತಂಡದಲ್ಲಿ ಒಂಬತ್ತು ಜನರಿಗಿಂತ ಹೆಚ್ಚು ಇರಕೂಡದೆಂಬ ಮಿತಿ ಬಂದಿದೆ. ಕೊಡಲು ಅವಕಾಶವಿದೆಯೆಂದರೆ ಕೊಟ್ಟೇ ಕೊಡುತ್ತಾರೆಂದಲ್ಲ. ಆದ್ದರಿಂದ ನಾಚಿಕೆ ಪಡದೆ ಕೇಳಿ: ಬೋಧನಾಶುಲ್ಕವೆಷ್ಟು ಬಿಡುತ್ತೀರಿ? ಊಟ ವಸತಿ ಸೇರಿದೆಯೆ? ವಿಮೆ ಯಾರದು? ಈ ನೆರವು ಒಂದು ವರ್ಷದ್ದೊ, ನಾಲ್ಕು ವರ್ಷದ್ದೊ? ಮಣಿಕಟ್ಟು ನೋವಾಗಿ ಆಡಲಾಗದಿದ್ದರೆ ಏನು? ಕೋಚ್ ಬೇರೆ ಕಡೆಗೆ ಹೋದರೆ ಏನು? ಉತ್ತರ ಬರಹದಲ್ಲಿರಲಿ. ಹಿಂದೆ ಸಹಿ ಮಾಡಿಸುತ್ತಿದ್ದ ರಾಷ್ಟ್ರೀಯ ಸಮ್ಮತಿಪತ್ರವನ್ನು 2024ರ ಅಕ್ಟೋಬರಿನಲ್ಲಿ ಎನ್‌ಸಿಎಎ ಕೈಬಿಟ್ಟಿತು. ಈಗ ಮುಖ್ಯವಾದುದು ಕಾಲೇಜು ಕೊಡುವ ಆರ್ಥಿಕ ನೆರವಿನ ಲಿಖಿತ ಒಪ್ಪಂದ. ಅಮೆರಿಕದ ಆಟಗಾರರು 2021ರಿಂದ ತಮ್ಮ ಹೆಸರು ಚಿತ್ರಗಳಿಂದ ಗಳಿಸುತ್ತಿರುವುದನ್ನು ನೋಡಿ ಆಸೆಪಡಬೇಡಿ. ವಿದ್ಯಾರ್ಥಿ ವೀಸಾದ ಮೇಲೆ ಹೋದವರಿಗೆ ದುಡಿಮೆಯ ಮೇಲೆ ಬಿಗಿಯಾದ ನಿರ್ಬಂಧಗಳಿವೆ.

ದಲ್ಲಾಳಿಗಳ ಬಗೆಗೂ ಒಂದು ಮಾತು. ಸಂಬಳ ಪಡೆದು ಮಾಹಿತಿ ಹಂಚುವವರು ಇದ್ದಾರೆ. ಅವರಲ್ಲಿ ಪ್ರಾಮಾಣಿಕರೂ ಉಂಟು. ಆದರೆ “ಸೀಟು ಕೊಡಿಸುತ್ತೇನೆ, ಬಂದ ವಿದ್ಯಾರ್ಥಿವೇತನದಲ್ಲಿ ಇಷ್ಟು ಪಾಲು ಕೊಡಿ” ಎನ್ನುವವನಿಂದ ದೂರವಿರಿ. ಹಾಗೆ ಪಾಲು ಕೊಡುವುದು ಎನ್‌ಸಿಎಎ ನಿಯಮಕ್ಕೆ ವಿರುದ್ಧ, ಹುಡುಗಿಯ ಅರ್ಹತೆಯೇ ಹೋಗಬಹುದು. ನನ್ನೆದುರಿಗೂ ಒಬ್ಬರು ಅಂಥ ಕಾಗದ ಇಟ್ಟಿದ್ದರು. ಪೆನ್ನು ನನ್ನ ಕೈಯಲ್ಲಿತ್ತು. ಸಹಿ ಮಾಡದೆ ಎದ್ದು ಬಂದದ್ದು ನನ್ನ ಜಾಣತನದಿಂದಲ್ಲ. ನಿಯಮವನ್ನು ಓದಿದ್ದ ಮಗಳು ಮೇಜಿನ ಕೆಳಗೆ ನನ್ನ ಕಾಲು ತುಳಿದದ್ದರಿಂದ.

ಕೊನೆಗೆ ಏನಾಯಿತು? ಮಗಳು ತಾನೇ ಮೂವತ್ತು ಕಾಲೇಜುಗಳ ಹೊಸ ಪಟ್ಟಿ ಮಾಡಿದಳು. ಅದರಲ್ಲಿ ಎರಡನೆಯ ವಿಭಾಗದವು ಅರ್ಧಕ್ಕೂ ಹೆಚ್ಚು. “ಎರಡನೆಯ ದರ್ಜೆಯೆ?” ಎಂದೆ. “ದರ್ಜೆಯಲ್ಲ ಅಪ್ಪಾ, ವಿಭಾಗ. ಅಲ್ಲಿ ನಾನು ಆಡುತ್ತೇನೆ, ದೊಡ್ಡ ಕಡೆ ಹೋದರೆ ಇತರರು ಆಡುವುದನ್ನು ನೋಡುತ್ತೇನೆ” ಎಂದಳು. ಒಬ್ಬ ಕೋಚ್ ಕರೆಯಲ್ಲಿ ಅವಳನ್ನು ಕೇಳಿದ್ದು ಒಂದೇ ದೊಡ್ಡ ಪ್ರಶ್ನೆ: “ನೀನು ಆಡಿದ ಅತ್ಯಂತ ಕೆಟ್ಟ ಹೋಲ್ ಯಾವುದು? ಆಮೇಲೆ ಏನು ಮಾಡಿದೆ?” ಎರಡು ಚೆಂಡು ನೀರಿಗೆ ಹಾಕಿ ಒಂಬತ್ತು ಹೊಡೆದದ್ದನ್ನೂ, ಮುಂದಿನ ಮೂರು ಹೋಲ್‌ಗಳನ್ನು ಪಾರ್‌ನಲ್ಲಿ ಮುಗಿಸಿದ್ದನ್ನೂ ಅವಳು ಮುಚ್ಚಿಡದೆ ಹೇಳಿದಳು. ನಾನು ಪಕ್ಕದ ಕೋಣೆಯಲ್ಲಿದ್ದೆ. ನಾನಾಗಿದ್ದರೆ ಆ ಒಂಬತ್ತನ್ನು ಖಂಡಿತ ಹೇಳುತ್ತಿರಲಿಲ್ಲ. ಆ ಕಾಲೇಜಿನಿಂದಲೇ ಕರೆ ಬಂದಿತು.

2025ರ ಆಗಸ್ಟಿನಲ್ಲಿ ಅವಳು ಹೋದಳು. ಕಾಲೇಜು ಖರ್ಚಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚನ್ನು ಹೊರುತ್ತದೆ. ಉಳಿದುದನ್ನು ನಾನೂ ನನ್ನ ಭವಿಷ್ಯನಿಧಿಯೂ ಹೊರುತ್ತೇವೆ. ಮೊದಲ ಸ್ಪರ್ಧೆಗೆ ಐವರಲ್ಲಿ ಅವಳ ಹೆಸರಿರಲಿಲ್ಲ. ಫೋನಿನಲ್ಲಿ ಅತ್ತಳು. ಕೋಚ್‌ಗೆ ಬರೆಯಲೆ ಎಂದು ನಾಲಗೆಯ ತುದಿಗೆ ಬಂದುದನ್ನು ನುಂಗಿಕೊಂಡೆ. ಮೂರನೆಯ ಸ್ಪರ್ಧೆಗೆ ಅವಳೇ ಸ್ಥಾನ ಗಳಿಸಿಕೊಂಡಳು.

ತಾಯಂದಿರೆ, ತಂದೆಗಳೆ, ನಾವೆಲ್ಲ ಒಂದಲ್ಲ ಒಂದು ದಿನ ಊರು ಬಿಟ್ಟು ಬಂದವರು. ಟ್ರಂಕು ಹಿಡಿದು ಈ ಊರಿನಲ್ಲಿ ಇಳಿದಾಗ ನಮ್ಮ ಪರವಾಗಿ ಮಾತನಾಡಲು ಯಾರೂ ಇರಲಿಲ್ಲ. ನಮ್ಮ ಮಾತನ್ನು ನಾವೇ ಆಡಿ ಬದುಕಿದೆವು. ಮಕ್ಕಳಿಗೆ ಚೀಲ ಹೊತ್ತುಕೊಡೋಣ, ಲೆಕ್ಕ ಬರೆದುಕೊಡೋಣ, ನಿಯಮ ಓದಿ ಹೇಳೋಣ. ಚೆಂಡನ್ನು ಹೊಡೆಯುವುದೂ ತಮ್ಮ ಮಾತನ್ನು ತಾವೇ ಆಡುವುದೂ ಅವರ ಪಾಲಿಗಿರಲಿ. ಈ ವಿಷಯದಲ್ಲಿ ಯಾರಿಗೆ ಸಂದೇಹವಿದ್ದರೂ ಭಾನುವಾರ ಬೆಳಗ್ಗೆ ಸಂಘದ ವಾಚನಾಲಯಕ್ಕೆ ಬನ್ನಿ, ನಾನಿರುತ್ತೇನೆ. ಬರುವಾಗ ಮಗಳನ್ನೂ ಕರೆತನ್ನಿ. ನಾನು ಮಾತನಾಡುವುದು ಅವಳೊಡನೆ.